ಭಾವ ಕದಡಿದ ತೊಟ್ಟಿ

ಅಕ್ಕಾ, ನಾನೂ ಭಾವನೂ ಬದುಕಿದ್ದೇವೆ, ಗಾಬರಿಯಾಗಬೇಡ.

ಇಲ್ಲಿ ಎಣ್ಣೆಬಾವಿಯ ಕೆಲಸದಲ್ಲಿ, ನೆಲದಾಳದ ಬಂಡೆಯ ಸಣ್ಣ ತೂತುಗಳಲ್ಲಿ ಸಿಕ್ಕಿಕೊಂಡ ಎಣ್ಣೆಯನ್ನು ಬರೀ ನೀರು ತಳ್ಳುವುದಿಲ್ಲ, ಪಕ್ಕದಲ್ಲೇ ನುಸುಳಿ ಹೋಗುತ್ತದೆ. ಅದಕ್ಕೆ ನೀರಿನಲ್ಲಿ ಉದ್ದ ಎಳೆಗಳಾಗಿ ಬಿಚ್ಚಿಕೊಳ್ಳುವ ಪಾಲಿಮರ್ ಪುಡಿ ಕದಡಿ, ನೀರನ್ನು ಗಂಜಿಯಂತೆ ಮಂದ ಮಾಡಿ ನೆಲದೊಳಗೆ ಬಿಡುತ್ತೇವೆ. ನಿನ್ನೆ ನಾನು ಬೇಗ ಮುಗಿಸೋಣವೆಂದು ಯಂತ್ರವನ್ನು ಜೋರಾಗಿ ತಿರುಗಿಸಿದೆ. ಪುಡಿಯ ಎಳೆಗಳು ತುಂಡಾಗಿ ನನ್ನ ತೊಟ್ಟಿಯೆಲ್ಲ ನೀರುನೀರಾಯಿತು. ಭಾವ ಆಕಳಿಸುತ್ತ ನಿಧಾನವಾಗಿ ತಿರುಗಿಸಿದ್ದು ಜೇನಿನ ಹಾಗೆ ನಿಂತಿತು. "ಆತುರಗಾರನಿಗೆ ಬುದ್ಧಿ ಮಟ್ಟ ಕಣೋ, ಇವರನ್ನ ನೋಡಿ ಕಲಿ," ಅಂದರು ಮೇಸ್ತ್ರಿ. ಇಬ್ಬರಲ್ಲಿ ಒಬ್ಬರನ್ನೇ ಖಾಯಂ ಮಾಡುತ್ತಾರಂತೆ. ಯಾರನ್ನೆಂದು ನಿನಗೆ ಬರೆಯಬೇಕೇ? ಯಾವುದಕ್ಕೆ ನೀನು ಹತ್ತು ವರ್ಷ ಭಾವನನ್ನು ಮೈಗಳ್ಳ ಎಂದು ಬೈದೆಯೋ, ಅದೇ ಇಲ್ಲಿ ಕೈಗುಣವಾಯಿತು.

ನನಗೆ ಅನ್ನ ಸೇರುತ್ತಿಲ್ಲ, ಅವರು ಎರಡು ಕೆಜಿ ಹೆಚ್ಚಾಗಿದ್ದಾರೆ. ಇನ್ನು ಅವರನ್ನು ಬೈಯಬೇಡ. ಬೈಗುಳ ನನಗೆ ಉಳಿಸಿಡು, ತಿಂಗಳ ಕೊನೆಗೆ ನಾನೊಬ್ಬನೇ ಬರುತ್ತೇನೆ.

ನಿನ್ನ ತಮ್ಮ