ಎರಡನೇ ಬ್ರೇಕು ಯಾರ ಕಾಲಡಿಯಲ್ಲಿತ್ತು?

ವಾಹನ ಓಡಿಸಲು ಪರವಾನಗಿ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ,

ನೀವು ಪಾಸು ಮಾಡಿ ಕಳಿಸಿದ ನನ್ನ ಹಿರಿಮಗಳು ರೇವಮ್ಮನಿಗೆ ಬ್ರೇಕ್ ಹಾಕಲು ಬರುತ್ತಿರಲಿಲ್ಲ. ಇದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಪಾಪ, ಅವಳಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಅವಳು ಕೈಲಾಂಚದಿಂದ ಪೇಟೆಗೆ ಹೋಗುವ ದಾರಿಯಲ್ಲಿ ಮೋರಿಯ ಕಟ್ಟೆಗೆ ಗಾಡಿ ಗುದ್ದಿ ತೀರಿಕೊಂಡಿದ್ದಳು. ಈಗ ನನ್ನ ಕಿರಿಮಗಳು ಮಾಯಮ್ಮ ಅದೇ ಪರೀಕ್ಷೆಗೆ ನಿಮ್ಮ ಮುಂದೆ ಬರುತ್ತಿದ್ದಾಳೆ. ಅದಕ್ಕೇ ಈ ಕಾಗದ. ನಿಮ್ಮ ಕಚೇರಿ ಯಾವ ಊರಿನದು ಎಂದು ಇಲ್ಲಿ ಬರೆಯುವುದಿಲ್ಲ. ಓದಿದವರಿಗೆ ತಮ್ಮದೇ ಎನ್ನಿಸಿದರೆ ಆಗಲಿ.

ರೇಷ್ಮೆ ಗೂಡಿಗೆ ನಾವು ಕನಸಿನಲ್ಲೂ ಕಾಣದ ರೇಟು ಬಂದ ವರ್ಷ ನಿಮಗೆ ನೆನಪಿರಬೇಕು. ಕುರಿ ಕಾಯುತ್ತಿದ್ದವರೂ ಹುಳು ಮನೆ ಕಟ್ಟಿದರು, ರಾಗಿ ಹೊಲವೆಲ್ಲ ಹಿಪ್ಪುನೇರಳೆ ತೋಟವಾಯಿತು. ನನ್ನ ಯಜಮಾನರು ಬೀರಯ್ಯನವರು ಕುರಿ ಬಿಡದೆ ಹುಳುವನ್ನೂ ಹಿಡಿದರು, ಒಂದು ಸಣ್ಣ ಗೂಡ್ಸ್ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದರು. ನಿಲ್ಲಿಸಿದ್ದು ತಂದುಕೊಟ್ಟ ಡ್ರೈವರು. ನಮ್ಮವರಿಗೆ ಸೈಕಲ್ ಬಿಟ್ಟರೆ ಬೇರೇನೂ ಬರುವುದಿಲ್ಲ. ಗೂಡು ಬಿಡಿಸಿದ ದಿನ ಊರಿನ ಡ್ರೈವರುಗಳೆಲ್ಲ ಬೇರೆಯವರ ಗಾಡಿ ಹತ್ತಿರುತ್ತಿದ್ದರು. ಗೂಡು ಕಾಯುವ ಸರಕಲ್ಲ; ಇಟ್ಟುಕೊಂಡರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಟುಹೋಗುತ್ತದೆ. ನಮ್ಮ ಪರದಾಟ ನೋಡಿ ರೇವಮ್ಮ ಅಂದಳು: "ಅವ್ವ, ಯಾರ್ ಕಾಲ್ಗೂ ಬೀಳಾದ್ ಬ್ಯಾಡ. ನಾನೇ ಕಲ್ತ್ಕತೀನಿ." ನನಗೆ ಹಿಗ್ಗೋ ಹಿಗ್ಗು.

ಪೇಟೆಯಲ್ಲಿ ಆಗ ಡ್ರೈವಿಂಗ್ ಸ್ಕೂಲುಗಳು ನಾಯಿಕೊಡೆಗಳಂತೆ ತಲೆಯೆತ್ತಿದ್ದವು. ಕಲಿಯುವ ಲೈಸೆನ್ಸು ಮನೆಯಲ್ಲೇ ಬಂತು: ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತು ಮೊಬೈಲಿನಲ್ಲಿ ಪರೀಕ್ಷೆ ಬರೆದಳು. ಅದಾದ ಮೇಲೆ ಸ್ಕೂಲಿನಲ್ಲಿ ಟೀವಿ ಮುಂದೆ ಕೂರಿಸಿ ಸ್ಟೇರಿಂಗ್ ತಿರುಗಿಸುವುದನ್ನು ಹೇಳಿಕೊಟ್ಟರು. ಟೀವಿಯಲ್ಲಿ ಗುದ್ದಿದರೆ ಟಣ್ ಎಂದು ಗಂಟೆ ಹೊಡೆಯುತ್ತದಂತೆ, ಮತ್ತೆ ಶುರು ಮಾಡಬಹುದಂತೆ. ಎಷ್ಟು ಅನುಕೂಲ ನೋಡಿ! ಆಮೇಲೆ ಮೇಷ್ಟ್ರು ಪಕ್ಕದಲ್ಲಿ ಕೂತು ರಸ್ತೆಯಲ್ಲೂ ಓಡಿಸಿದರು. ಕೊನೆಗೆ ನಿಮ್ಮ ಹೊಸ ಟ್ರ್ಯಾಕು. ಗೆರೆ ಮುಟ್ಟಿದಳೋ ಇಲ್ಲವೋ ಎಂದು ಕ್ಯಾಮೆರಾ ನೋಡಿತು, ಹಿಂದಕ್ಕೆ ಸರಿಯಾಗಿ ಬಂದಳೋ ಇಲ್ಲವೋ ಎಂದು ಸೆನ್ಸರ್ ಕಟ್ಟಿದ ಕಂಬ ನೋಡಿತು. ಆಮೆಯ ನಡಿಗೆಯಲ್ಲಿ ಎಂಟು ಬರೆದು ಬಂದ ನನ್ನ ಮಗಳು ಪಾಸಾದಳು. ಕಂಬಕ್ಕೆ ಕಣ್ಣಿತ್ತು, ಒಪ್ಪುತ್ತೇನೆ. ಆದರೆ ಓಡುವ ಗಾಡಿಯನ್ನು ಇವಳು ನಿಲ್ಲಿಸಬಲ್ಲಳೇ ಎಂದು ಕೇಳುವ ಬಾಯಿ ಅಲ್ಲಿ ಯಾರಿಗೂ ಇರಲಿಲ್ಲ.

ಹಿಂದಿನದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ನನ್ನ ಅಣ್ಣ ಚಿಕ್ಕಯ್ಯ ಕಲಿತ ಕಾಲದಲ್ಲಿ ಹೆಣ್ಣುಮಕ್ಕಳು ಗಾಡಿ ಮುಟ್ಟಿದರೆ ಊರೇ ನಗುತ್ತಿತ್ತು, ಗಂಡಸರಲ್ಲಿ ಅರ್ಧ ಜನ ಲೈಸೆನ್ಸಿನ ಮುಖ ನೋಡಿರಲಿಲ್ಲ. ಆದರೆ ನಮ್ಮ ಕುರಿಯವರಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಕಲಿಯುವವನ ಗಾಡಿಗೆ ಮೊದಲು ಕುರಿ ತುಂಬುತ್ತಿದ್ದರು. ಒಣಗಿದ ಕೆರೆ ಅಂಗಳದಲ್ಲಿ ಓಡಿಸು, ನಾನು ಕೂಗಿದಾಗ ಗಕ್ಕನೆ ನಿಲ್ಲಿಸು ಎನ್ನುತ್ತಿದ್ದರು. ಕುರಿ ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು, ನೋಡುವವರು ನಗುತ್ತಿದ್ದರು. "ಬೀಳ್ಲಿ ಬುಡ್ಲಾ, ಕುರಿ ಬಿದ್ರೆ ಎದ್ಕತದೆ. ಮನ್ಸ ಬಿದ್ರೆ ಏಳಲ್ಲ," ಎನ್ನುತ್ತಿದ್ದರಂತೆ ಅಣ್ಣನಿಗೆ ಕಲಿಸಿದವರು. ಭಾರ ಹೊತ್ತ ಗಾಡಿ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂದು ಕಾಲಿಗೆ ತಿಳಿದ ಮೇಲೆಯೇ ಗೂಡು ತುಂಬಲು ಬಿಡುತ್ತಿದ್ದರು. ಯಾಕೆಂದರೆ ಗೂಡಿನ ಗಾಡಿಯ ರೀತಿಯೇ ಬೇರೆ. ಕುಲುಕಾಡಬಾರದು, ಒತ್ತಬಾರದು, ಒಳಗಿನ ಹುಳು ಒಡೆದರೆ ಗೂಡಿಗೆ ಕಲೆ ಹತ್ತುತ್ತದೆ. ಹೀಗಾಗಿ ನಮ್ಮಲ್ಲಿ ಸ್ಟೇರಿಂಗ್ ಹಿಡಿದವರು ಯಾರೇ ಆಗಲಿ, ಪಕ್ಕದಲ್ಲಿ ಕೂತವರು ಹೇಳುವ ಮಾತು ಒಂದೇ: "ಮೆಲ್ಲಗೆ, ಗೂಡೈತೆ."

ಆ ಬೆಳಗ್ಗೆಯೂ ಹಾಗೇ ಆಯಿತು. ರೇವಮ್ಮ ಓಡಿಸುತ್ತಿದ್ದಳು, ಪಕ್ಕದಲ್ಲಿ ಅವಳಪ್ಪ. ಡೇರಿಯ ಸಂದಿಯಿಂದ ಒಬ್ಬರು ಹಾಲಿನ ಕ್ಯಾನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಅಡ್ಡ ಬಂದರು. ದೂರವಿತ್ತು, ನಿಲ್ಲಿಸಬಹುದಿತ್ತು ಎಂದು ಕಂಡವರೆಲ್ಲ ಹೇಳುತ್ತಾರೆ. ನಮ್ಮವರು ಅಭ್ಯಾಸದಂತೆ "ಮೆಲ್ಲಗೆ ಕಣವ್ವ, ಗೂಡೈತೆ," ಅಂದರು. ನನ್ನ ಮಗಳು ಮೆಲ್ಲಗೇ ಒತ್ತಿದಳು. ಮೆಲ್ಲಗೆ ಒತ್ತಿದರೆ ತುಂಬಿದ ಗಾಡಿ ನಿಲ್ಲುತ್ತದೆಯೇ? ನಿಲ್ಲಲಿಲ್ಲ. ಎದುರಿಗಿದ್ದವರನ್ನು ಉಳಿಸಲು ಸ್ಟೇರಿಂಗ್ ಎಡಕ್ಕೆ ಎಳೆದಳು, ಗಾಡಿಯ ಮೂತಿ ಮೋರಿಯ ಕಟ್ಟೆಗೆ ಗುದ್ದಿತು. ಮೊಪೆಡ್ಡಿನವರು ಉಳಿದರು, ಬೀರಯ್ಯನವರು ಕೈ ಮುರಿದುಕೊಂಡು ಉಳಿದರು. ಗೂಡೂ ಉಳಿಯಿತು, ಸ್ವಾಮಿ. ಹೆಣ ಆಸ್ಪತ್ರೆಯಲ್ಲಿದ್ದಾಗಲೇ ನೆಂಟರು ಚೀಲಗಳನ್ನು ಬೇರೆ ಗಾಡಿಗೆ ಹಾಕಿ ಮಾರ್ಕೆಟ್ಟಿಗೆ ಒಯ್ದರು. ಅವರನ್ನು ಬೈಯಬೇಡಿ, ಗೂಡು ಸೂತಕ ನೋಡುವುದಿಲ್ಲ. ಹೆಚ್ಚು ಕಲೆಯಿಲ್ಲ, ಒಳ್ಳೇ ಮಾಲು ಎಂದು ಅಲ್ಲಿ ಹೇಳಿದರಂತೆ. ಆ ಮಾತನ್ನು ನನ್ನ ಕಿವಿಗೆ ಹಾಕಿದವರಿಗೆ ಏನು ಹೇಳಲಿ, ನೀವೇ ಹೇಳಿ.

ಅಪ್ಪನ ಮಾತೇ ಮಗಳನ್ನು ಕೊಂದಿತು ಎಂದು ಊರಿನಲ್ಲಿ ಅಂದವರಿದ್ದಾರೆ. ನಾನೂ ಒಂದು ಗಳಿಗೆ ಹಾಗೆಂದುಕೊಂಡಿದ್ದೆ. ಆಮೇಲೆ ಹಫೀಜಾ ಬಂದಳು. ಪೇಟೆಯಲ್ಲಿ ನೂಲು ಬಿಚ್ಚುವ ಮನೆಯ ಹುಡುಗಿ, ರೇವಮ್ಮನ ಜೊತೆಯಲ್ಲೇ ಗಾಡಿ ಕಲಿತವಳು. ಬಹಳ ಹೊತ್ತು ನನ್ನ ಕೈ ಹಿಡಿದು ಅತ್ತು, ಆಮೇಲೆ ಹೇಳಿದಳು: "ಅಮ್ಮಾ, ಬೈಬೇಡಿ. ಕಲಿಯುವಾಗ ನಾವ್ಯಾರೂ ಗಾಡಿ ನಿಲ್ಸೇ ಇಲ್ಲ. ಮೇಷ್ಟ್ರ ಕಾಲ ಹತ್ರಾನೂ ಒಂದು ಬ್ರೇಕ್ ಇರುತ್ತೆ. ಮುಂದೆ ಎಮ್ಮೆ ಬರಲಿ, ಆಟೋ ಬರಲಿ, ನಾವು ಕಾಲಿಡೋಕ್ ಮುಂಚೆ ಅವರೇ ಒತ್ತಿಬಿಡೋರು. ಗಾಡಿ ನಿಂತ ಮೇಲೆ ಶಭಾಷ್ ಅನ್ನೋರು. ನಾವೇ ನಿಲ್ಸಿದ್ವಿ ಅಂದ್ಕೊಂಡು ಇಬ್ರೂ ನಗ್ತಿದ್ವಿ." ಹಫೀಜಾ ತನ್ನ ಲೈಸೆನ್ಸನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದಾಳೆ. ಮತ್ತೆ ಸ್ಟೇರಿಂಗ್ ಮುಟ್ಟಿಲ್ಲ.

ಅನುಭವವಿದ್ದವರು "ಮೆಲ್ಲಗೆ" ಎಂಬ ಮಾತನ್ನು ಕೇಳುತ್ತಾರೆ, ಅಪಾಯ ಬಂದಾಗ ಅದನ್ನು ಗಾಳಿಗೆ ತೂರಿ ಒತ್ತಬೇಕಾದ್ದನ್ನು ಒತ್ತುತ್ತಾರೆ. ನನ್ನ ಮಗಳ ಕಾಲಿಗೆ ಅಪ್ಪನ ಮಾತು ಬಿಟ್ಟರೆ ಬೇರೆ ಪಾಠವೇ ಇರಲಿಲ್ಲ. ಹಾಗಾದರೆ ಎರಡನೇ ಬ್ರೇಕು ತೆಗೆದುಹಾಕಿ ಎನ್ನುತ್ತೇನೆಯೇ? ಇಲ್ಲ. ನಡೆಯಲು ಕಲಿಯುವ ಕೂಸಿನ ಕೈ ಹಿಡಿಯಲೇಬೇಕು. ಆದರೆ ಒಂದು ದಿನ ಬಿಡಬೇಕು, ಬಿಟ್ಟು ಎದುರಿಗೆ ನಿಂತು ನೋಡಬೇಕು. ಆ ನೋಡುವ ಕೆಲಸಕ್ಕೇ ಅಲ್ಲವೇ ಸರ್ಕಾರ ನಿಮ್ಮನ್ನು ಇಟ್ಟಿರುವುದು?

ಇದನ್ನೇ ಕೇಳಲು ನಾನು ನಿಮ್ಮ ಕಚೇರಿಗೆ ಬಂದಿದ್ದೆ. ತಾವು ಮರೆತಿರಬಹುದು. "ನಿಯಮದ ಪ್ರಕಾರವೇ ಪಾಸಾಗಿದ್ದಾರಮ್ಮ," ಎಂದು ಸಮಾಧಾನದಿಂದ ಹೇಳಿದಿರಿ. ನಾನು ಎದ್ದು ಹೊರಟಾಗ, "ಅಲ್ಲ, ಹೆಣ್ಣುಮಗಳ ಕೈಗೆ ಗೂಡ್ಸ್ ಗಾಡಿ ಯಾಕಮ್ಮ ಕೊಟ್ರಿ?" ಎಂದಿರಿ. ಬೇಕೆಂದು ನೋಯಿಸಲಿಲ್ಲ, ಗೊತ್ತು. ಆದರೂ ಹೇಳಲೇಬೇಕು. ಹೊತ್ತು ಗೊತ್ತಿಲ್ಲದೆ ಸೊಪ್ಪು ಹಾಕಿ, ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ತಾನೂ ನಿದ್ದೆಗೆಟ್ಟು, ಆ ಬೆಳೆ ತೆಗೆದವಳೇ ಅವಳು. ಬೆಳೆಯುವ ಕೈಗೆ ಸಾಗಿಸುವ ಹಕ್ಕಿಲ್ಲವೇ? ಯಾರ ಕೈ ಎಂದು ಕೇಳಿದಿರಿ. ಆ ಕೈಗೆ ಏನು ಕಲಿಸಿದ್ದರು ಎಂದು ಯಾಕೆ ಕೇಳಲಿಲ್ಲ?

ಮಾಯಮ್ಮನ ವಿಷಯಕ್ಕೆ ಬರುತ್ತೇನೆ. ಅದು ಅವಳ ಅಜ್ಜಿಯ ಹೆಸರು. ಕಾಲೇಜಿನಲ್ಲಿ ಮಾಯಾ ಎಂದು ಬರೆಸಿಕೊಂಡಿದ್ದಾಳೆ. "ಅಕ್ಕ ಸತ್ಲು ಅಂತ ನಾನು ಬದ್ಕಾದ್ ಬುಡ್ಲಾ? ಅವ್ಳು ಕಲೀದೆ ಹೋದದ್ನ ನಾನು ಕಲೀತೀನಿ," ಎಂದು ಹಟ ಹಿಡಿದಿದ್ದಾಳೆ. ಅವಳಪ್ಪ ಬೇಡವೆಂದರು; ಅಪ್ಪ ಮಗಳ ನಡುವೆ ಮಾತೇ ನಿಂತಿದೆ. ಬೀರಯ್ಯನವರು ಕೊಟ್ಟಿಗೆಯಲ್ಲಿ ಕುರಿಗಳ ಜೊತೆ ಮಾತಾಡುತ್ತಾರೆ, ನಮ್ಮ ಜೊತೆ ಇಲ್ಲ. ನಾನು ಯಾರ ಕಡೆ ನಿಲ್ಲಲಿ? ಬೇಡವೆಂದರೆ ಇರುವ ಮಗಳನ್ನು ಮೂಲೆಗೆ ಕೂರಿಸಿದ ಹಾಗೆ. ಬೇಕೆಂದರೆ ಆ ಮೋರಿಯ ಕಟ್ಟೆ ಕಣ್ಣಮುಂದೆ ಬರುತ್ತದೆ. ಅವಳು ಗಾಡಿ ಓಡಿಸಲಿ ಎಂದೇ ನನ್ನ ಆಸೆ. ಊರಿನಲ್ಲಿ ಬೇರೆ ಹುಡುಗಿಯರೂ ಅವಳ ಕಡೆಗೇ ನೋಡುತ್ತಿದ್ದಾರೆ.

ಅದಕ್ಕೆ ನನ್ನ ಬೇಡಿಕೆ ಇಷ್ಟು. ಕಲಿಸುವವರು ಕೊನೆಯ ದಿನಗಳಲ್ಲಾದರೂ ತಮ್ಮ ಕಾಲನ್ನು ಮಡಚಿಟ್ಟುಕೊಂಡು ಕೂರಬೇಕು ಎಂದು ಆಜ್ಞೆ ಮಾಡಿ. ಖಾಲಿ ಗಾಡಿಯಲ್ಲಿ ಎಂಟು ಬರೆಸಿದ್ದು ಸಾಕು. ಭಾರ ಹೇರಿ, ವೇಗದಲ್ಲಿ ಓಡಿಸಿ, ನಿಲ್ಲಿಸು ಎಂದಾಗ ನಿಲ್ಲಿಸುವ ಪರೀಕ್ಷೆ ಇಡಿ. ಮಾಯಮ್ಮ ಬಂದ ದಿನ ಕಂಬಕ್ಕೂ ಕ್ಯಾಮೆರಾಕ್ಕೂ ರಜೆ ಕೊಟ್ಟು ತಾವೇ ಅವಳ ಪಕ್ಕ ಕೂತುಕೊಳ್ಳಿ. ಆ ಸೀಟಿನ ಕೆಳಗೆ ಬ್ರೇಕು ಬೇಡ. ಕೂತಾಗ ನಿಮಗೆ ಒಸಿಯಾದರೂ ಭಯವಾದರೆ ಅವಳನ್ನು ಫೇಲು ಮಾಡಿ. ಹೆಣ್ಣುಮಗಳು, ಅಕ್ಕನನ್ನು ಕಳೆದುಕೊಂಡವಳು ಎಂದು ಕನಿಕರ ತೋರಿಸಬೇಡಿ. ಎಷ್ಟು ಸಲ ಬಂದರೂ ಬರದಿದ್ದರೆ ಅಷ್ಟೂ ಸಲ ಫೇಲು ಮಾಡಿ. ಅವಳು ಅಳುತ್ತಾಳೆ, ನಿಮ್ಮನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ನಾನು ಗೇಟಿನ ಹತ್ತಿರವೇ ನಿಂತಿರುತ್ತೇನೆ, ಕಣ್ಣೊರೆಸಿ ಬಸ್ಸು ಹತ್ತಿಸಿಕೊಂಡು ಹೋಗುತ್ತೇನೆ. ಫೇಲಾದ ಮಗಳು ಮನೆಗೆ ಬರುತ್ತಾಳೆ, ಸ್ವಾಮಿ.

ಇಂತಿ,
ಇಬ್ಬರನ್ನು ಹೆತ್ತು, ಒಬ್ಬಳನ್ನು ನಿಮ್ಮ ಮುಂದೆ ಕಳಿಸುತ್ತಿರುವ
ಅಂಬಮ್ಮ,
ಕೈಲಾಂಚ ಹೋಬಳಿ