ಹೊರಗೆ ನಿಂತ 'ಓ' ಅಕ್ಷರ

ಸ್ಟೇನ್‌ಬೈ, ಯಾರ್ಕ್‌ಷೈರ್
ಗುರುವಾರ, ೧೪ ನವೆಂಬರ್ ೧೯೫೭

ನನ್ನ ಮುದ್ದಿನ ನೋರಾ,

ನಿನ್ನ ಮಗಳು ಚೆನ್ನಾಗಿದ್ದಾಳೆ. ಮೊದಲು ಅದನ್ನು ಓದಿ ಉಸಿರು ಬಿಡು. ಲೀಡ್ಸ್‌ನಲ್ಲಿ ನಿನಗೊಂದು ಕೋಣೆ ಸಿಗುವವರೆಗೆ ಈಡಿ ನನ್ನ ಹತ್ತಿರ ಹಾಯಾಗಿರುತ್ತಾಳೆಂದು ಮಾತು ಕೊಟ್ಟಿದ್ದೆನಲ್ಲ. ಗಂಜಿ ಕಂಡರೆ ಮೂಗು ಮುರಿಯುತ್ತಾಳೆ, ಜಾಮ್ ಮಾತ್ರ ಬಿಡುವುದಿಲ್ಲ. ಥೇಟ್ ನೀನೇ!

ಈ ವಾರ ತರಗತಿಯಲ್ಲಿ ಪದ ಕುಗ್ಗಿಸುವ ಪಾಠ. ಮಕ್ಕಳ ಕೊರಳಿಗೆ ಒಂದೊಂದು ಅಕ್ಷರದ ರಟ್ಟು ಕಟ್ಟಿ ಸಾಲಾಗಿ ನಿಲ್ಲಿಸುತ್ತೇನೆ. 'ಡು ನಾಟ್' ಹೋಗಿ 'ಡೋಂಟ್' ಆಗಬೇಕಾದರೆ 'ನಾಟ್'ನೊಳಗಿನ 'ಓ' ಬಾಗಿಲಾಚೆ ಹೋಗಬೇಕು. ಅದರ ಜಾಗದಲ್ಲಿ ಅಪಾಸ್ಟ್ರಫಿ ಎಂಬ ಬಾಲದ ಚುಕ್ಕೆ ಬಂದು ನಿಲ್ಲುತ್ತದೆ. ಹೊರಹೋದ ಅಕ್ಷರ ನಾನು ಹೆಸರು ಹಿಡಿದು ಕರೆಯುವವರೆಗೆ ಒಳಗೆ ಬರುವಂತಿಲ್ಲ. "ಬಾರೇ ಈಡಿ, ಗಂಟೆ ಹೊಡೀತು!" ಎಂದು ಉಳಿದವರು ಪುಸಲಾಯಿಸಿದರೂ ನಿನ್ನ ಮಗಳು ಜಪ್ಪಯ್ಯ ಎಂದರೂ ಕದಲಲಿಲ್ಲ.

ದಿನಾ ತಾನೇ 'ಓ' ಆಗಬೇಕೆಂದು ಅವಳ ಹಟ. ನಿನ್ನೆ ಯಾಕೆಂದು ಕೇಳಿದೆ. "ಹೊರಗಿನ ಕಿಟಕೀಲಿ ಗೇಟು ಕಾಣ್ಸುತ್ತೆ ಮಿಸ್. ಅಪ್ಪ ಬಂದಿದಾರಾ ಅಂತ ನೋಡ್ಕೋತೀನಿ" ಎಂದಳು.

ಇಂದು ಅಂಚೆ ಅಂಗಡಿಯ ಮಿಸೆಸ್ ಪಿಕರ್ಸ್‌ಗಿಲ್ ನನ್ನನ್ನು ಕಂಡದ್ದೇ ಬೀಗಿದರು. "ಈಡಿ ಅಪ್ಪ ಬಂದಿದಾನೆ ಕಣಮ್ಮಾ! ಎಷ್ಟು ಒಳ್ಳೇ ಮನುಷ್ಯ, ಹುಡುಗೀಗೆ ಗೊಂಬೆ ತಂದಿದಾನೆ. ನಿಮ್ಮನೆ ದಾರಿ ನಾನೇ ತೋರಿಸ್ದೆ" ಎಂದರು. ಹಿಂದೆ ರಾಲ್ಫ್ ಗೊಂಬೆ ತಂದ ದಿನವೇ ಅಲ್ಲವೇ ನಿನ್ನ ಕೈ ಮುರಿದದ್ದು?

ಕಾನ್‌ಸ್ಟೇಬಲ್ ಬಳಿಗೂ ಓಡಿದೆ. "ಗಂಡ ಹೆಂಡ್ತಿ ಜಗಳದಲ್ಲಿ ನೀವ್ಯಾಕೆ ಟೀಚರಮ್ಮಾ? ಅಪ್ಪ ಮಗಳನ್ನ ನೋಡ್ಬಾರ್ದಾ?" ಎಂದು ನಕ್ಕ.

ಪಕ್ಕದ ಮನೆಯ ಆಗ್ನೆಸ್ ಲೀಡ್ಸ್ ಬಸ್ಸಿಗೆ ಹೊರಟಿದ್ದಾಳೆ. ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಈಡಿಯನ್ನೂ ಜೊತೆಗೆ ಕಳಿಸೋಣವೆಂದರೆ ರಾಲ್ಫ್ ಕೂತಿರುವುದು ಬಸ್ ನಿಲ್ದಾಣದಲ್ಲೇ, ಮನೆಗೆ ಬರುವಾಗ ಕಣ್ಣಾರೆ ಕಂಡೆ. ನೀನು ಗಾಬರಿಯಾಗಬೇಡ. ಬಾಗಿಲಿಗೆ ಅಗಳಿ ಹಾಕಿದ್ದೇನೆ, ಚಹಾಕ್ಕೆ ನೀರಿಟ್ಟಿದ್ದೇನೆ.

ಎಂದೆಂದಿಗೂ ನಿನ್ನವಳೇ,
ವಿನಿಫ್ರೆಡ್

ತಾ.ಕ.: ಈಡಿ ಮನೆಯಲ್ಲಿಲ್ಲ. ಚಿಕ್ಕವರಿದ್ದಾಗ ನಿನ್ನಪ್ಪನ ಬೆಲ್ಟಿಗೆ ಹೆದರಿ ನಾವಿಬ್ಬರೂ ಅಡಗುತ್ತಿದ್ದೆವಲ್ಲ, ಅಲ್ಲಿಗೆ 'ಓ' ರಟ್ಟು ಕಟ್ಟಿ ಕಳಿಸಿದ್ದೇನೆ. ನಾನು ಅಥವಾ ನೀನು ಹೆಸರು ಹಿಡಿದು ಕರೆಯುವವರೆಗೆ, ಯಾರು ಏನೇ ಅಂದರೂ ಬರಕೂಡದೆಂದು ಹೇಳಿದ್ದೇನೆ. ಆಗ್ನೆಸ್ ಹಿತ್ತಲಲ್ಲಿ ಅವಸರ ಮಾಡುತ್ತಿದ್ದಾಳೆ. ಮುಂದಿನ ಗೇಟು ಕಿರುಗುಟ್ಟಿತು. ನೋರಾ, ನನ್ನಿಂದ ಕರೆಯಲಾಗದಿದ್ದರೆ ನೀನು ಬಂದು ಕರೆ. ಬೇಗ ಬಾ, ಅಲ್ಲಿ ತುಂಬಾ ಚಳಿ.