ಮೂವತ್ತನಾಲ್ಕು ದಿನಗಳ ನಿಧಾನದ ದಾರಿ

ಲಿಂಗಸುಗೂರು,
ಎರಡನೇ ಬೇಸಿಗೆಯ ಹದಿನೇಳನೆಯ ದಿನ, ಇಸವಿ 2196

ನಮಗಿಂತ ಆರು ತಲೆಮಾರು ಹಿಂದೆ ಬದುಕಿರುವ ನಿಮಗೆ ಕಲ್ಲವ್ವ ಗುಡದೂರಳ ಶರಣು.

ಈ ತಾರೀಖು ನಿಮಗೆ ತಪ್ಪಾಗಿ ಕಂಡೀತು. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಮಳೆ ನಡುವೆ ಬಂದು ಹೋಗುತ್ತದೆ, ಬಿಸಿಲು ಮತ್ತೆ ಮರಳುತ್ತದೆ. ಹಾಗಾಗಿ ತಿಂಗಳ ಹೆಸರುಗಳನ್ನು ನಮ್ಮ ಅಜ್ಜಿಯರ ಕಾಲದಲ್ಲೇ ಕೈಬಿಟ್ಟರು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬರಬಹುದು. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಎಲ್ಲಾದರೂ ಮರೆತರೆ ವಯಸ್ಸಾದವಳೆಂದು ಮನ್ನಿಸಿ.

ನನ್ನ ಕಸುಬು ದಾರಿ ಬರೆಯುವುದು. ಬಿಸಿಲು ತಡೆಯಲಾರದ ಕುಟುಂಬಗಳು ಇಲ್ಲಿಂದ ಮನೆಬಂಡಿಗಳಲ್ಲಿ ಉತ್ತರದ ಪರ್ವತಗಳಿಗೆ ಹೋಗುತ್ತವೆ. ಮನೆಬಂಡಿ ಎಂದರೆ ಅಡಿಗೆ, ಹಾಸಿಗೆ, ನೀರು ಎಲ್ಲ ಇರುವ ಉದ್ದನೆಯ ಗಾಡಿ. ಚಾವಣಿಯ ಮೇಲೆ ಬಿದ್ದ ಬಿಸಿಲಿನಿಂದಲೇ ಓಡುತ್ತದೆ. ತಾನೇ ಓಡುವ ಗಾಡಿಗಳೂ ನಮ್ಮಲ್ಲಿವೆ. ಆದರೆ ಗುಡ್ಡದ ರಸ್ತೆ ಪ್ರತಿ ಮಳೆಗೂ ಜಾಗ ಬದಲಿಸುವುದರಿಂದ ಅಲ್ಲಿ ಮನುಷ್ಯರೇ ಸ್ಟೇರಿಂಗ್ ಹಿಡಿಯಬೇಕು, ಮನುಷ್ಯರೇ ದಾರಿ ಬರೆಯಬೇಕು. ಮೂವತ್ತೆಂಟು ವರ್ಷ ಅದನ್ನೇ ಮಾಡಿದ್ದೇನೆ. ಬೇಗ ಮುಟ್ಟಿಸುವ ದಾರಿ ನಾನು ಬರೆಯುವುದಿಲ್ಲ. ಆಯಾಸವಾಗದ ದಾರಿ ಬೇಕೆಂದವರು ನನ್ನ ಬಳಿ ಬರುತ್ತಾರೆ. ನಿಮ್ಮ ಕಾಲದವರು ಬರೆದಿಟ್ಟ ಕೆಲವು ಪ್ರವಾಸದ ಟಿಪ್ಪಣಿಗಳನ್ನೂ ಓದಿದ್ದೇನೆ. ಒಂಬತ್ತು ದಿನಕ್ಕೆ ಏಳು ಕಣಿವೆ ದಾಟಿದೆವೆಂದು ಹೆಮ್ಮೆಪಟ್ಟಿದ್ದೀರಿ. ಓದುತ್ತಲೇ ನನಗೆ ಸುಸ್ತಾಯಿತು.

ನಾಲ್ಕು ವರ್ಷದ ಹಿಂದೆ ನನಗಾಗಿಯೇ ಒಂದು ದಾರಿ ಬರೆದೆ. ನಮ್ಮ ಒಬ್ಬಳೇ ಮಗಳು ಸತ್ಯವ್ವ ಉತ್ತರದ ಪರ್ವತಗಳ ನಡುವಿನ ಸ್ಪಿತಿ ಕಣಿವೆಯ ತಾಬೋದಲ್ಲಿ ಸೇಬಿನ ತೋಟ ನೋಡಿಕೊಂಡಿದ್ದಾಳೆ. ಅವಳು ಊರು ಬಿಡುವಾಗ ನಮ್ಮನ್ನೂ ಕರೆದಿದ್ದಳು. ಕಷ್ಟಕಾಲದಲ್ಲಿ ನೆಲ ಬಿಟ್ಟು ಹೋಗುವವಳೆಂದು ನನಗೆ ಸಿಟ್ಟು. ನೀ ಹೋದ ದಾರಿ ನಾನು ತುಳಿಯುವುದಿಲ್ಲ ಎಂದುಬಿಟ್ಟೆ. ಆಮೇಲೆ ಹನ್ನೊಂದು ವರ್ಷ ಅವಳು ಕೆಳಗೆ ಬರಲಿಲ್ಲ, ನಾವು ಮೇಲೆ ಹೋಗಲಿಲ್ಲ. ವರ್ಷಕ್ಕೆರಡು ಪತ್ರ, ಅದರಲ್ಲೂ ಹವಾಮಾನವೇ ಹೆಚ್ಚು. ನನ್ನ ಗಂಡ ಶಿವಯೋಗಿಗೆ ಎಪ್ಪತ್ತು ತುಂಬಿದ ದಿನ ಅವರು ಊಟದ ತಟ್ಟೆ ಸರಿಸಿ, ಸತ್ಯವ್ವನನ್ನು ಒಮ್ಮೆ ನೋಡಬೇಕು ಎಂದರು.

ನಾನು ಎರಡು ತಿಂಗಳು ಕುಳಿತು ದಾರಿ ಹಾಕಿದೆ. ಬಯಲಿನಲ್ಲಿ ದಿನಕ್ಕೆ ನೂರ ಮೂವತ್ತು ಕಿಲೋಮೀಟರ್, ಗುಡ್ಡದಲ್ಲಿ ನಲವತ್ತು. ಮೂರು ದಿನ ಓಡಿದರೆ ಒಂದು ಉಸಿರುದಿನ, ಅಂದರೆ ಚಕ್ರ ಒಂದು ಸುತ್ತೂ ತಿರುಗಬಾರದ ದಿನ. ಮನಾಲಿಯ ಕಡೆಯಿಂದ ಹೋದರೆ ಹತ್ತಿರ, ಆದರೆ ಎತ್ತರದ ಘಟ್ಟವೊಂದನ್ನು ಒಂದೇ ಏಟಿಗೆ ಏರಬೇಕು. ವಯಸ್ಸಾದವರ ತಲೆ ಸಿಡಿದುಹೋಗುತ್ತದೆ. ಅದಕ್ಕೆ ಸಟ್ಲೆಜ್ ನದಿಯ ಪಕ್ಕದ ಉದ್ದನೆಯ ದಾರಿಯನ್ನೇ ಹಿಡಿದೆ. ಅಲ್ಲಿ ನೆಲ ಮೆಲ್ಲಗೆ ಏರುತ್ತದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ದಿನದ ಓಟ ಮುಗಿಯಬೇಕು. ಪ್ರತಿ ಹದಿನೈದು ಕಿಲೋಮೀಟರಿಗೆ ಒಂದು ತಿರುಗುತಾಣವನ್ನು ಗುರುತು ಹಾಕಿದೆ. ಉದ್ದನೆಯ ಗಾಡಿಯನ್ನು ಹಿಂದಕ್ಕೆ ತಿರುಗಿಸುವಷ್ಟು ಅಗಲವಾದ ಜಾಗಕ್ಕೆ ನಾವು ಹಾಗೆನ್ನುತ್ತೇವೆ. ಒಟ್ಟು ಮೂವತ್ತನಾಲ್ಕು ದಿನ. ನನ್ನ ಕಸುಬಿನಲ್ಲಿ ಅಷ್ಟು ಹದವಾದ ದಾರಿಯನ್ನು ನಾನು ಬರೆದಿರಲಿಲ್ಲ.

ಬಯಲಿನ ಹತ್ತೊಂಬತ್ತು ದಿನ ಚೆನ್ನಾಗಿಯೇ ಕಳೆದವು. ಬೆಳಿಗ್ಗೆ ಜೋಳದ ರೊಟ್ಟಿ ಬಡಿದಿಟ್ಟು ಹೊರಡುತ್ತಿದ್ದೆವು. ಗಾಡಿ ಓಡಿಸುತ್ತಿದ್ದವರು ನನ್ನ ಗಂಡ. ಮಧ್ಯಾಹ್ನ ಮರದ ನೆರಳು ಸಿಕ್ಕಲ್ಲಿ ನಿಂತು ಅವರು ಮಲಗುತ್ತಿದ್ದರು, ನಾನು ಮರುದಿನದ ರಸ್ತೆ ವಿಚಾರಿಸಿಕೊಂಡು ಬರುತ್ತಿದ್ದೆ. ಗುಡ್ಡ ಶುರುವಾದ ಮೇಲೆ ಅವರು ಮಾತು ಕಡಿಮೆ ಮಾಡಿದರು. ಗಾಡಿ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಸ್ಟೇರಿಂಗ್ ಹಿಡಿದೇ ಕೂತಿರುತ್ತಿದ್ದರು. ಅಂಗಿಯ ಬೆನ್ನು ಒದ್ದೆಯಾಗಿರುತ್ತಿತ್ತು, ಹವೆ ತಂಪಾಗಿದ್ದರೂ. ನಾನು ಅದನ್ನು ಎತ್ತರದ ಲೆಕ್ಕಕ್ಕೆ ಸೇರಿಸಿ ಇನ್ನೊಂದು ಉಸಿರುದಿನ ಕೂಡಿಸಿದೆ.

ಇಪ್ಪತ್ತೇಳನೆಯ ದಿನ, ರಾಮಪುರ ದಾಟಿ ಜಿಯೋರಿ ಇನ್ನೂ ಮುಂದಿರುವಾಗ, ಬೆಳಿಗ್ಗೆ ಹತ್ತರ ಸುಮಾರಿಗೆ ಗಾಡಿಯ ಎಡಗಡೆಯ ಹಿಂದಿನ ಚಕ್ರ ರಸ್ತೆಯಂಚು ಬಿಟ್ಟು ಮಣ್ಣಿಗಿಳಿಯಿತು. ಎಡಕ್ಕೆ ನದಿ, ಬಹಳ ಕೆಳಗೆ. ಗಾಡಿ ವಾಲಿತು. ಒಳಗೆ ಪಾತ್ರೆಗಳು ಒಂದೊಂದಾಗಿ ಜಾರಿ ಬಿದ್ದವು. ಅವರು ಬ್ರೇಕ್ ತುಳಿದವರು ಹಾಗೆಯೇ ಕಲ್ಲಾಗಿ ಕೂತರು. ಅಂಚಿಗೆ ಸಾಲಾಗಿ ಸುಣ್ಣ ಬಳಿದ ಕಲ್ಲುಗಳಿದ್ದವು, ಕುರುಡರಿಗೂ ಕಾಣುವಂತೆ. ಕಲ್ಲು ಕಾಣಲಿಲ್ಲವೇ ಎಂದು ಕೇಳಿದೆ.

"ಎಡಗಣ್ಣಿಗೆ ಏನೂ ಕಾಣವಲ್ದು ಕಲ್ಲವ್ವಾ. ವರ್ಷಾತು."

"ಯಾಕ ಹೇಳಲಿಲ್ಲ ನೀವು?"

"ಹೇಳಿದ್ರ ದಾರಿನ ಬರೀತಿದ್ದಿಲ್ಲ ನೀನು."

ಹಣ್ಣಿನ ಲಾರಿಯವನೊಬ್ಬ ಹಗ್ಗ ಕಟ್ಟಿ ನಮ್ಮನ್ನು ಮೇಲಕ್ಕೆಳೆದ. ಅರ್ಧ ಕಿಲೋಮೀಟರ್ ಮುಂದಿದ್ದ ತಿರುಗುತಾಣದವರೆಗೆ ಅವನೇ ಗಾಡಿ ತಂದು ನಿಲ್ಲಿಸಿಕೊಟ್ಟ. ನಾನು ದಾರಿ ಬರೆದ ಪುಸ್ತಕ ಬಿಚ್ಚಿ ಕುಳಿತೆ. ಎತ್ತರ, ಇಳಿಜಾರು, ನೀರು ಸಿಗುವ ಜಾಗ, ವೈದ್ಯರಿರುವ ಊರು, ಎಲ್ಲವೂ ಅದರಲ್ಲಿತ್ತು. ಓಡಿಸುವವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಾವಿರಾರು ಮಂದಿಗೆ ದಾರಿ ಬರೆದವಳು ಮನೆಯವರನ್ನು, ನಿಮಗೆ ಇದಾದೀತೇ ಎಂದು ಕೇಳಿರಲಿಲ್ಲ. ನನಗಂತೂ ಓಡಿಸಲು ಬರುವುದಿಲ್ಲ. ಬೇರೆ ಚಾಲಕನನ್ನು ಹುಡುಕೋಣವೆಂದರೆ ಅವರು ಮುಖ ಆಚೆ ತಿರುಗಿಸಿದರು. ಎರಡು ದಿನ ಹೊಸ ದಾರಿ ಬರೆದು ಹೊಡೆದುಹಾಕಿದೆ. ಮೂರನೆಯ ದಿನ ಒಂದು ಚೀಟಿ ಬರೆದು ತಾಬೋ ಕಡೆ ಹೊರಟಿದ್ದ ಲಾರಿಗೆ ಕೊಟ್ಟೆ. ನಾವು ಇಲ್ಲಿದ್ದೇವೆ, ಮೇಲೆ ಬರಲಾರೆವು, ನಿನಗೆ ಬರಲಾದೀತೇ ಎಂದಷ್ಟೇ ಬರೆದಿದ್ದೆ.

ನಾಲ್ಕು ದಿನಕ್ಕೆ ಸತ್ಯವ್ವ ಅದೇ ಲಾರಿಯಿಂದ ಇಳಿದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಗಾಡಿಯ ಸುತ್ತ ಒಂದು ಸುತ್ತು ಬಂದು, ಎಡಗಡೆಯ ಗೀರುಗಳ ಮೇಲೆ ಕೈಯಾಡಿಸಿದಳು. ಒಳಗೆ ಬಂದು ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತು, ಯಾವ ಕಣ್ಣು ಎಂದು ಕೇಳಿದಳು. ಅವರು ತೋರಿಸಿದರು. ಅಪ್ಪನ ಆ ಕಣ್ಣಿನ ಮೇಲೆ ಅಂಗೈ ಇಟ್ಟಳು. ನಾನು ಚಹಾ ಕಾಸಿದೆ. ಲೋಟ ತೆಗೆದುಕೊಳ್ಳುವಾಗ ನನ್ನ ಮುಖ ನೋಡಿದಳು.

"ಹನ್ನೊಂದು ವರ್ಷದಾಗ ಬಾ ಅಂತ ಒಮ್ಮೆನೂ ಬರೀಲಿಲ್ಲವ್ವಾ ನೀ."

"ನೀ ಬರಾಂಗಿಲ್ಲ ಅಂದ್ಕೊಂಡಿದ್ದೆ."

"ಕೇಳಿದ್ದೇನು?"

ನಾನು ಒಲೆ ಆರಿಸಿದೆ. ಅವಳು ಒಂದು ಗುಟುಕು ಕುಡಿದು, ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದಳು. ಗುಡ್ಡದ ಲಾರಿಗಳನ್ನು ಓಡಿಸಿ ಅವಳ ಕೈ ಪಳಗಿತ್ತು. ಮೇಲೆ ಹೋಗೋಣವೋ ಕೆಳಗೆ ಹೋಗೋಣವೋ ಎಂದು ಅಪ್ಪನನ್ನು ಕೇಳಿದಳು. ಅವರು ನಿಧಾನವಾಗಿ ಕಾಲು ಚಾಚಿ, "ಇಲ್ಲೇ ಕುಂದ್ರೂಣು" ಎಂದರು.

ಆ ತಿರುಗುತಾಣದಲ್ಲಿ ಹದಿನೈದು ದಿನ ಕುಳಿತೆವು. ಹಗ್ಗ ಕಟ್ಟಿ ಬಟ್ಟೆ ಒಣಹಾಕಿದೆವು. ಅವಳು ಅಲ್ಲಿಯ ರಾಜಮಾ ಕಾಳು ಬೇಯಿಸಿದಳು, ನಾನು ರೊಟ್ಟಿ ಬಡಿದೆ. ಹಾದುಹೋಗುವ ಗಾಡಿಯವರು, ಏನಾದರೂ ಕೆಟ್ಟಿದೆಯೇ ಎಂದು ನಿಲ್ಲಿಸಿ ವಿಚಾರಿಸುತ್ತಿದ್ದರು. ಆಮೇಲೆ ಸತ್ಯವ್ವ ನಮ್ಮನ್ನು ಲಿಂಗಸುಗೂರಿನವರೆಗೆ ಓಡಿಸಿಕೊಂಡು ಬಂದು ಬಿಟ್ಟುಹೋದಳು. ಅವಳ ತೋಟವನ್ನು ಅವರು ಕೊನೆಗೂ ನೋಡಲಿಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರ ಕೊನೆಯ ಬೇಸಿಗೆಯಲ್ಲಿ ಸತ್ಯವ್ವ ಇಲ್ಲೇ ಇದ್ದಳು.

ಈಗ ನನಗೆ ದಣಿವಾಗಿದೆ. ದಾರಿ ಬರೆಯುವುದನ್ನು ಈ ವರ್ಷಕ್ಕೆ ನಿಲ್ಲಿಸುತ್ತೇನೆ. ನಿಮ್ಮಲ್ಲಿ ಒಂದೇ ಕೋರಿಕೆ. ನೀವು ಎಲ್ಲಿಗೆ ಬೇಕಾದರೂ ಹೋಗಿ. ದಿನಕ್ಕೆ ಎಷ್ಟು ದೂರ, ಎಷ್ಟು ಎತ್ತರ ಎಂದು ಹಾಕುವ ಮೊದಲು, ಸ್ಟೇರಿಂಗ್ ಹಿಡಿಯುವವರ ಎದುರು ಕುಳಿತು, ಯಾವುದಕ್ಕೆ ಹೆದರಿಕೆ ಎಂದು ಕೇಳಿ. ಮರುದಿನವೂ ಕೇಳಿ. ಮೊದಲ ದಿನ ಯಾರೂ ನಿಜ ಹೇಳುವುದಿಲ್ಲ.

ಬರುತ್ತೇನೆ,
ಕಲ್ಲವ್ವ